ಗಂಡಿನ ಕಡೆಯವರ ರೇಟು

ಮೊನ್ನೆ ಲಿಫ್ಟಿನಲ್ಲಿ ಒಂಬತ್ತನೇ ಮಹಡಿಯ ಹುಡುಗ ಸಿಕ್ಕಿದ. ತೋಳಲ್ಲಿ ಅವನ ಸಿಂಬಾ. ಎರಡು ವರ್ಷದ ಗಂಡು ಶಿಟ್ಜು, ಆಗಷ್ಟೇ ಗ್ರೂಮಿಂಗ್ ಮುಗಿಸಿಕೊಂಡು ಬಂದು ಮದುಮಗನ ಹಾಗೆ ಘಮಘಮ ಅಂತಿದ್ದ.

"ಅಕ್ಕ, ಒಂದು ಮಾತು ಕೇಳ್ಬೇಕಿತ್ತು. ಹಿಂದಿನ ಲೇಔಟಿಂದ ಒಬ್ರು ಮೆಸೇಜ್ ಮಾಡಿದ್ರು. ಅವ್ರ ಹೆಣ್ಣಿಗೆ ನಮ್ ಸಿಂಬಾ ಬೇಕಂತೆ. ಎಷ್ಟು ಕೇಳ್ಬಹುದು? ಮಾರ್ಕೆಟ್ ರೇಟ್ ಏನ್ ನಡೀತಿದೆ?"

ನನ್ನನ್ನೇ ಯಾಕೆ ಕೇಳಿದ ಅಂದ್ರೆ, ನಮ್ಮನೆಯ ಬೋಂಡನೂ ಶಿಟ್ಜುನೇ. ನಾಲ್ಕು ವರ್ಷದ ಹಿಂದೆ ನಾವು ಅವನಿಗೆ ಒಂದು ಸಲ "ಫೀ" ತಗೊಂಡಿದ್ವಿ. ಆರು ಸಾವಿರ. ಅದು ನಮ್ಮ ಅಪಾರ್ಟ್‌ಮೆಂಟಿನ ನಾಯಿ ಸಾಕಿದವರಿಗೆಲ್ಲ ಗೊತ್ತು, ಯಾಕಂದ್ರೆ ಅವತ್ತು ನಾನೇ ಎಲ್ಲರ ಹತ್ತಿರ ಹೇಳಿಕೊಂಡು ನಕ್ಕಿದ್ದೆ. "ನಮ್ ಮಗ ದುಡಿಯೋಕೆ ಶುರು ಮಾಡ್ದ" ಅಂತ. ಆಮೇಲೆ ಏನಾಯ್ತು ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಅದನ್ನ ನಾನು ಹೇಳಲಿಲ್ಲ.

"ಬರೆದು ಕಳಿಸ್ತೀನಿ ಇರಪ್ಪ" ಅಂತ ಹೇಳಿ ನನ್ನ ಮಹಡಿಯಲ್ಲಿ ಇಳಿದುಬಿಟ್ಟೆ. ಇದೇ ಆ ಉತ್ತರ. ಅವನೊಬ್ಬನಿಗಲ್ಲ, ಮನೇಲಿ ಪುಟ್ಟ ಗಂಡು ನಾಯಿ ಇಟ್ಟುಕೊಂಡು ಅದರ ಮೇಲೊಂದು ಬೆಲೆ ಚೀಟಿ ಅಂಟಿಸೋಕೆ ಹೊರಟಿರೋ ಎಲ್ಲರಿಗೂ.

ಮೊದಲು ನಮ್ಮ ಗ್ರೂಪುಗಳನ್ನ ಒಂದು ಸಲ ನೋಡಿ. "ಗಂಡು ಲಭ್ಯ. ಮೂರು ವರ್ಷ. ಅಪ್ಪಟ ತಳಿ. ಬಿಳಿ, ಕಂದು. ತುಂಬಾ ಸಾಧು. ಹಿಂದೆ ನಾಲ್ಕು ಮರಿ ಹುಟ್ಟಿವೆ. ಆಸಕ್ತರು ಪರ್ಸನಲ್ ಮೆಸೇಜ್ ಮಾಡಿ." ಭಾನುವಾರದ ಪೇಪರಿನ ವಧೂವರರ ಪುಟಕ್ಕೂ ಇದಕ್ಕೂ ಏನಾದ್ರೂ ವ್ಯತ್ಯಾಸ ಕಾಣುತ್ತಾ? ಗೋತ್ರ, ನಕ್ಷತ್ರ ಎರಡು ಬಿಟ್ಟರೆ ಎಲ್ಲ ಇದೆ. ನಾವು ಗಂಡಿನ ಕಡೆಯವರು. ನಮ್ಮ ಹುಡುಗ ಹೋಗೋದಿಲ್ಲ, ಅವರೇ ಹೆಣ್ಣನ್ನ ಕರ್ಕೊಂಡು ಬರಬೇಕು. ಒಂದು ಗಂಟೆಯ ಕಾರ್ಯಕ್ರಮ. ಮುಗಿದ ಮೇಲೆ ಯುಪಿಐ ಮಾಡಬೇಕು. ವರದಕ್ಷಿಣೆ ಅನಿಷ್ಟ ಅಂತ ಸ್ಟೇಟಸ್ ಹಾಕೋ ನಾವೇ ಇಲ್ಲಿ "ನಮ್ ಹುಡ್ಗನ ರೇಟು" ಅಂತ ಕೂತಿದ್ದೀವಿ.

ಗಂಡಿನ ಮನೆಗೇ ಹೆಣ್ಣನ್ನ ಕರ್ಕೊಂಡು ಬರೋದಕ್ಕೆ ಒಂದು ಕಾರಣ ಇದೆ, ಒಪ್ತೀನಿ. ಗಂಡು ನಾಯಿ ತನ್ನ ಜಾಗದಲ್ಲಿ ಧೈರ್ಯವಾಗಿರುತ್ತೆ, ಹೊಸ ಜಾಗದಲ್ಲಿ ಮೂಸಿ ಮೂಸಿಯೇ ಹೊತ್ತು ಕಳೆಯುತ್ತೆ. ಆದರೆ ಆ ಒಂದು ಅನುಕೂಲದಿಂದ ನಾವು ದೊಡ್ಡದೊಂದು ಭ್ರಮೆ ಕಟ್ಟಿಕೊಂಡಿದ್ದೀವಿ: ಉಪಕಾರ ಮಾಡ್ತಿರೋರು ನಾವು, ಪಡೀತಿರೋರು ಅವರು ಅಂತ.

ಈಗ ರೇಟು ಹೇಗೆ ನಿಗದಿಯಾಗುತ್ತೆ ನೋಡೋಣ. ನಡೀತಿರೋದು ಎರಡು ಲೆಕ್ಕ. ಒಂದು, ಒಂದು ಮರಿಯ ಬೆಲೆ ಎಷ್ಟೋ ಅಷ್ಟು ಅಥವಾ ಅದಕ್ಕೆ ಸ್ವಲ್ಪ ಕಡಿಮೆ ದುಡ್ಡು. ಇನ್ನೊಂದು, ದುಡ್ಡು ಬೇಡ, ಹುಟ್ಟಿದ ಮರಿಗಳಲ್ಲಿ ನಮಗೆ ಇಷ್ಟ ಬಂದಿದ್ದನ್ನ ಮೊದಲು ಎತ್ಕೋತೀವಿ ಅನ್ನೋದು. ಎರಡರಲ್ಲೂ ಒಂದು ವಿಷಯ ಗಮನಿಸಿ. ಮರಿಯ ಬೆಲೆ ಲೆಕ್ಕದಲ್ಲಿದೆ. ತಾಯಿ ಲೆಕ್ಕದಲ್ಲೇ ಇಲ್ಲ.

ನಮ್ಮ ತಾತನ ಊರಲ್ಲಿ ಬೀಜದ ಹೋರಿ ಇತ್ತು. ಹಸು ಬೆದೆಗೆ ಬಂದರೆ ಹೊಡ್ಕೊಂಡು ಬರೋರು, ಹೋರಿ ಸಾಕಿದವನಿಗೆ ಏನೋ ಒಂದಿಷ್ಟು ಕೊಟ್ಟು ಹೋಗೋರು. ಅಲ್ಲೂ ಫೀ ಇತ್ತು, ಇಲ್ಲ ಅನ್ನಲ್ಲ. ಆದರೆ ಕರು ಹುಟ್ಟುತ್ತಿದ್ದದ್ದು ಅದೇ ಊರಿನ ಕೊಟ್ಟಿಗೆಯಲ್ಲಿ. ಕಾಲು ಸೊಟ್ಟ ಇದ್ದರೆ ಇಡೀ ಊರಿಗೆ ಕಾಣೋದು. "ಅವನ ಹೋರಿ ಕರು ನೋಡಿದ್ಯಾ?" ಅಂತ ಅರಳಿಕಟ್ಟೆಯಲ್ಲಿ ಮಾತಾದರೆ ಮುಗೀತು, ಮುಂದಿನ ಸಲ ಹಸು ಬೇರೆ ದಾರಿ ಹಿಡಿಯೋದು. ಹೋರಿ ಸಾಕಿದವನ ಮರ್ಯಾದೆ ಕರುವಿನ ಕಾಲ ಮೇಲೆ ನಿಂತಿರೋದು. ನಮ್ಮ ಸಿಂಬಾನ ಮರಿಗಳು ಎಲ್ಲಿಗೆ ಹೋಗ್ತವೆ? ಒಂದು ಹೊಸೂರಿಗೆ, ಒಂದು ಹುಬ್ಬಳ್ಳಿಗೆ, ಒಂದು ಯಾರ ಬರ್ತ್‌ಡೇ ಗಿಫ್ಟಾಗೋ. ಮೂರು ವರ್ಷ ಆದ ಮೇಲೆ ಅದರ ಮಂಡಿ ಚಿಪ್ಪು ಜಾರಿದರೆ ನಮಗೆ ಯಾರೂ ಫೋನ್ ಮಾಡಲ್ಲ. ಹಳ್ಳಿಯ ಫೀ ತಗೊಂಡ್ವಿ, ಹಳ್ಳಿಯ ಮರ್ಯಾದೆ ಭಯ ಬಿಟ್ವಿ.

ಈಗ ಎರಡೂ ಮನೆಯ ಖಾತೆ ಪಕ್ಕಪಕ್ಕ ಇಟ್ಟು ನೋಡಿ. ಗಂಡಿನ ಮನೆಯ ಖರ್ಚು: ಒಂದು ಮಧ್ಯಾಹ್ನ, ಹೆಚ್ಚಂದ್ರೆ ಒಂದು ದಿನ ಬಿಟ್ಟು ಇನ್ನೊಂದು ಮಧ್ಯಾಹ್ನ. ಬಂದವರಿಗೆ ಕಾಫಿ. ನಾಯಿಗೆ ಸ್ವಲ್ಪ ಚಿಕನ್ ಅನ್ನ. ಹೆಣ್ಣಿನ ಮನೆಯ ಖರ್ಚು: ಸರಿಯಾದ ದಿನ ಹಿಡಿಯೋಕೆ ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ, ಅದೂ ಒಂದಲ್ಲ, ಎರಡು ಮೂರು ಸಲ. ಗರ್ಭ ನಿಂತಿದೆಯಾ ಅಂತ ಸ್ಕ್ಯಾನು. ಕೊನೆ ವಾರದಲ್ಲಿ ಎಷ್ಟು ಮರಿ, ಎಷ್ಟು ದೊಡ್ಡದು ಅಂತ ಎಕ್ಸ್‌ರೇ. ಸುಮಾರು 63 ದಿನ ಕಾದು, ಕೊನೆಯ ಮೂರು ರಾತ್ರಿ ನಿದ್ದೆಗೆಟ್ಟು, ಜ್ವರಮಾಪಕ ಹಿಡ್ಕೊಂಡು ಕೂರೋದು. ಆಮೇಲೆ ಎಂಟು ವಾರ ಮರಿಗಳ ಆರೈಕೆ, ಜಂತುಹುಳದ ಔಷಧಿ, ಮೊದಲ ಲಸಿಕೆ. ಇದೆಲ್ಲ ಎಲ್ಲವೂ ಸರಿಯಾಗಿ ನಡೆದರೆ.

ಸರಿಯಾಗಿ ನಡೀದೇ ಇದ್ದರೆ? ಪುಟ್ಟ ತಳಿಗಳಲ್ಲಿ ಹೆರಿಗೆ ಕಷ್ಟ ಆಗೋದು ಅಪರೂಪವೇನಲ್ಲ. ಸೊಂಟ ಸಣ್ಣದು. ಒಂದೇ ಮರಿ ನಿಂತರೆ ಅದು ದೊಡ್ಡದಾಗಿ ಬೆಳೆದು ದಾರೀಲಿ ಸಿಕ್ಕಿಕೊಳ್ಳುತ್ತೆ. ಪಗ್‌ನಂಥ ಚಪ್ಪಟೆ ಮುಖದ ತಳಿಗಳಲ್ಲಿ ಮರಿಯ ತಲೆಯೇ ದಪ್ಪ, ಸಿಸೇರಿಯನ್ ಅನ್ನೋದು ಮಾಮೂಲಿ ಮಾತು. ತಾಯಿಗೇ ಉಸಿರಾಟ ಕಷ್ಟ ಇರೋದರಿಂದ ಅರಿವಳಿಕೆ ಕೊಡೋದೂ ಅಪಾಯ. ಹೆತ್ತ ಮೇಲೆ ಮುಗೀತಾ? ಇಲ್ಲ. ಮೂರು ನಾಲ್ಕು ಮರಿಗೆ ಹಾಲೂಡಿಸೋ ಪುಟ್ಟ ತಾಯಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು, ನಡುಕ ಬಂದು, ಸೆಟೆದುಕೊಳ್ಳೋದು ಎರಡನೇ ಮೂರನೇ ವಾರದಲ್ಲಿ. ತಕ್ಷಣ ಡಾಕ್ಟರ ಹತ್ತಿರ ಓಡದಿದ್ದರೆ ಸತ್ತೇ ಹೋಗಬಹುದು. ಈ ಯಾವ ಸಾಲೂ ಗಂಡಿನ ಮನೆಯ ಖಾತೆಯಲ್ಲಿ ಇಲ್ಲ. ಆ ಖಾತೆಯಲ್ಲಿ ಇರೋದು ಒಂದೇ ಸಾಲು: ಜಮಾ.

ಈಗ ನನ್ನ ಜಮೆಯ ಕಥೆ.

ನಾಲ್ಕು ವರ್ಷದ ಹಿಂದೆ ಬಂದ ಆ ಹೆಣ್ಣಿನ ಹೆಸರು ಲಡ್ಡು. ಬಂದವರು ಗಂಡ ಹೆಂಡತಿ, ಹೊಸದಾಗಿ ಮದುವೆಯಾದವರು, ಇಬ್ಬರೂ ಐಟಿ. ನಾನು ಅವರನ್ನ ಕೇಳಿದ ಪ್ರಶ್ನೆ ಎರಡೇ: ಲಸಿಕೆ ಆಗಿದೆಯಾ, ಫೀ ಇವತ್ತೇ ಕೊಡ್ತೀರಾ. ವಯಸ್ಸು ಕೇಳಲಿಲ್ಲ. ಹನ್ನೊಂದು ತಿಂಗಳು ಅನ್ನೋದು ಆಮೇಲೆ ಗೊತ್ತಾಯ್ತು. ಅದು ಅವಳ ಎರಡನೇ ಬೆದೆಯೂ ಅಲ್ಲ, ಮೊದಲನೇದು. ಅವಳಿಗಿಂತ ಬೋಂಡ ಎಷ್ಟು ದಪ್ಪ ಇದ್ದ ಅನ್ನೋದನ್ನ ಪಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆದಾಗಲೇ ನೋಡಬಹುದಿತ್ತು. ನೋಡಿದೆ. "ಕ್ಯೂಟ್" ಅಂದೆ.

ಎರಡು ತಿಂಗಳ ಮೇಲೆ ರಾತ್ರಿ ಎರಡು ಗಂಟೆಗೆ ಫೋನು. ಆ ಹುಡುಗಿ ಅಳ್ತಿದ್ದಳು. "ಆಂಟಿ, ಸಂಜೆಯಿಂದ ಮುಕ್ಕುತ್ತಿದ್ದಾಳೆ, ಏನೂ ಬರ್ತಿಲ್ಲ, ಹಸಿರು ಹಸಿರಾಗಿ ಹೋಗ್ತಿದೆ, ನಿಮಗೆ ಗೊತ್ತಿರೋ ಡಾಕ್ಟರ್ ಯಾರಾದ್ರೂ ಇದಾರಾ?" ಮರಿ ಬರೋ ಮುಂಚೆ ಹಸಿರು ಸ್ರಾವ ಅಂದ್ರೆ ಮಾಸು ಬಿಟ್ಟುಕೊಂಡಿದೆ ಅಂತ, ಒಂದು ನಿಮಿಷವೂ ತಡ ಮಾಡಬಾರದು ಅಂತ ನನಗೆ ಅವತ್ತು ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಆರು ಸಾವಿರ ತಗೊಂಡಿದ್ದೆ. ರಾತ್ರಿ ತೆರೆದಿರೋ ಆಸ್ಪತ್ರೆ ಹುಡುಕಿ ಅವರು ತಲುಪೋ ಹೊತ್ತಿಗೆ ನಾಲ್ಕು. ಒಂದೇ ಮರಿ. ಸತ್ತಿತ್ತು. ಗರ್ಭಕೋಶ ತೆಗೆದು ಲಡ್ಡೂನ ಉಳಿಸಿದರು. ಬಿಲ್ಲು ನಮ್ಮ ಫೀಗಿಂತ ಏಳು ಪಟ್ಟು.

ಅವರು ನನ್ನ ಹತ್ತಿರ ಒಂದು ರೂಪಾಯಿ ವಾಪಸ್ ಕೇಳಲಿಲ್ಲ. ನಾನೂ ಕೊಡಲಿಲ್ಲ. "ಪಾಪ, ಏನ್ ಮಾಡೋಕಾಗುತ್ತೆ, ಟೇಕ್ ಕೇರ್" ಅಂತ ಮೆಸೇಜ್ ಹಾಕಿ, ಕೆಳಗೊಂದು ಕೈಮುಗಿದ ಇಮೋಜಿ ಹಾಕಿದೆ. ಆ ದುಡ್ಡಲ್ಲಿ ತಂದ ಏರ್ ಫ್ರೈಯರ್ ಇವತ್ತಿಗೂ ಅಡುಗೆಮನೆ ಕಟ್ಟೆ ಮೇಲಿದೆ. ಚೆನ್ನಾಗಿ ಕೆಲಸ ಮಾಡುತ್ತೆ.

ಅದಕ್ಕೇ ಹೇಳ್ತಿದ್ದೀನಿ, ಕೇಳಿ. ಗಂಡು ನಾಯಿಯ ಫೀ ಅನ್ನೋದು ಕೂಲಿ ಅಲ್ಲ. ಕೂಲಿ ಆಗೋಕೆ ಅವನು ಮಾಡಿದ್ದು ಕೆಲಸ ಅಲ್ಲ, ನಾವು ಮಾಡಿದ್ದಂತೂ ಏನೂ ಇಲ್ಲ. ಅದು ಬಾಡಿಗೆಯೂ ಅಲ್ಲ. ಅದಕ್ಕೆ ಅರ್ಥ ಇರೋದಾದ್ರೆ ಒಂದೇ: ಜಾಮೀನು. "ನನ್ನ ನಾಯಿ ಆರೋಗ್ಯವಾಗಿದೆ, ಇವನಿಂದ ನಿಮ್ಮ ಹೆಣ್ಣಿಗೂ ಹುಟ್ಟೋ ಮರಿಗೂ ಕೆಡುಕಾಗಲ್ಲ, ಆದರೆ ನಾನೂ ಜೊತೆ ನಿಲ್ತೀನಿ" ಅನ್ನೋ ಮಾತಿಗೆ ಜನ ಕೊಡೋ ಬೆಲೆ ಅದು. ಆ ಮಾತು ಹೇಳೋಕೆ ನಿಮ್ಮ ಹತ್ತಿರ ಪುರಾವೆ ಇಲ್ಲ ಅಂದ್ರೆ ಫೀ ಸೊನ್ನೆ. ಫೀ ಸೊನ್ನೆ ಅಂದ್ರೆ ಪುಕ್ಕಟೆ ಮಾಡಿಸಿ ಅಂತಲ್ಲ ಮತ್ತೆ. ಮಾಡಿಸಲೇಬೇಡಿ ಅಂತ.

ಯಾವ ಪುರಾವೆ? ಕಂಠಪಾಠ ಮಾಡಿ. ಮೊದಲನೇದು ಬ್ರುಸೆಲ್ಲಾ ಪರೀಕ್ಷೆ, ಎರಡೂ ನಾಯಿಗೆ. ಇದು ಕೂಡುವಾಗ ಹರಡೋ ಸೋಂಕು. ಗರ್ಭ ಇಳಿಯುತ್ತೆ, ಗಂಡು ಬಂಜೆಯಾಗುತ್ತೆ, ಪೂರ್ತಿ ವಾಸಿ ಮಾಡೋದು ಬಹಳ ಕಷ್ಟ, ಸಾಲದ್ದಕ್ಕೆ ಮನುಷ್ಯರಿಗೂ ಬರುತ್ತೆ. ಎರಡನೇದು, ಜನನಾಂಗದ ಗೆಡ್ಡೆ ಇಲ್ಲ ಅಂತ ಡಾಕ್ಟರು ಕೈಯಿಟ್ಟು ನೋಡಿ ಹೇಳಬೇಕು. ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಜೀವಕೋಶವೇ ಅಂಟಿಕೊಂಡು ಬೆಳೆಯೋ ಗೆಡ್ಡೆ ಅದು, ನಮ್ಮ ದೇಶದಲ್ಲಿ ಚೆನ್ನಾಗೇ ಇದೆ, ಬಂದರೆ ವಾರ ವಾರ ಕೀಮೋ ಕೊಡಿಸಬೇಕು. ಮೂರನೇದು ಮಂಡಿ ಚಿಪ್ಪು. ಪಾಮೇರಿಯನ್, ಚಿಹುವಾಹುವಾ ಥರದ ಪುಟ್ಟ ನಾಯಿಗಳಲ್ಲಿ ಅದು ಜಾರೋದು ಸಾಮಾನ್ಯ, ಮಕ್ಕಳಿಗೂ ಇಳಿದು ಬರುತ್ತೆ. ಡಾಕ್ಟರು ಒಂದರಿಂದ ನಾಲ್ಕರವರೆಗೆ ಗ್ರೇಡು ಕೊಡ್ತಾರೆ. ನಿಮ್ಮ ಹುಡುಗ ಓಡುವಾಗ ನಾಲ್ಕು ಹೆಜ್ಜೆಗೊಮ್ಮೆ ಹಿಂಗಾಲು ಎತ್ತಿ ಕುಪ್ಪಳಿಸ್ತಾನಾ? ಅದು ಸ್ಟೈಲ್ ಅಲ್ಲ ಕಣ್ರೀ. ನಾಲ್ಕನೇದು ಕಣ್ಣು, ಉಸಿರು, ವೃಷಣ. ಎರಡೂ ಕೆಳಗೆ ಇಳಿದಿರಬೇಕು. ಒಂದು ಹೊಟ್ಟೆಯಲ್ಲೇ ಉಳಿದಿದ್ದರೆ ಆ ನಾಯಿಯನ್ನ ತಳಿಗೆ ಬಳಸಲೇಬಾರದು.

"ನಮ್ಮದು ಕೆಸಿಐ ಸರ್ಟಿಫಿಕೇಟ್ ಇರೋ ನಾಯಿ" ಅಂತ ಎದೆ ಉಬ್ಬಿಸೋರು ಸ್ವಲ್ಪ ಇಳಿಸಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಹೇಳೋದು ಅವನ ಅಪ್ಪ ಅಮ್ಮ ತಾತ ಅಜ್ಜಿ ಯಾರು ಅಂತ. ಮಂಡಿ ಹೇಗಿದೆ ಅಂತ ಅಲ್ಲ. ವಂಶಾವಳಿ ಬೇರೆ, ವೈದ್ಯಕೀಯ ಬೇರೆ. ರಾಜಮನೆತನಗಳ ಚರಿತ್ರೆ ಓದಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಇನ್ನೊಂದು ಲೆಕ್ಕ ಇದೆ, ಗಂಡಿನ ಕಡೆಯವರು ಯೋಚನೇನೇ ಮಾಡದ ಲೆಕ್ಕ. ಒಂದು ಹೆಣ್ಣು ಜೀವಮಾನದಲ್ಲಿ ಎಷ್ಟು ಸಲ ಮರಿ ಹಾಕಬಹುದು? ಕೈಬೆರಳಲ್ಲಿ ಎಣಿಸಬಹುದು. ಒಂದು ಗಂಡು? ತಿಂಗಳಿಗೆ ಎರಡು ಸಲ ಕರೆದರೂ ಹೋಗ್ತಾನೆ. ಹೆಣ್ಣಿನ ದೋಷ ಹತ್ತೋ ಹದಿನೈದೋ ಮರಿಗೆ ಹೋದರೆ, ಗಂಡಿನ ದೋಷ ನೂರು ಮನೆಗೆ ಹೋಗುತ್ತೆ. ಹಾಗಾಗಿ ಪರೀಕ್ಷೆ ಹೆಚ್ಚು ಬೇಕಿರೋದು ನಮ್ಮ ಹುಡುಗನಿಗೆ. ನಾವೋ, ಹೆಣ್ಣು ನೋಡೋಕೆ ಹೋದ ಬೀಗರ ಹಾಗೆ, ಅವಳ ಹಲ್ಲು ನೋಡಿ ಕಳಿಸ್ತೀವಿ.

ಇದು ಕಟ್ಟುಕಥೆಯಲ್ಲ, ನಮ್ಮ ಕಣ್ಣೆದುರೇ ಆಗಿರೋದು. 1994ರಲ್ಲಿ ಒಂದು ಹಿಂದಿ ಸಿನಿಮಾದಲ್ಲಿ ಬಿಳಿ ನಾಯಿಯೊಂದು ಇಡೀ ಕುಟುಂಬದ ಮದುವೆ ಕೂಡಿಸ್ತು. "ಹಮ್ ಆಪ್ಕೆ ಹೈ ಕೌನ್" ಟಫಿ ನೆನಪಿದ್ದಾನಲ್ಲ? ಬೀದಿಬೀದಿಯಲ್ಲಿ ಬಿಳಿ ನಾಯಿ, ಎಲ್ಲದರ ಹೆಸರೂ ಪಾಮೇರಿಯನ್, ಅವುಗಳಲ್ಲಿ ಬಹಳಷ್ಟು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. 2003ರಲ್ಲಿ ಹಚ್ ಜಾಹೀರಾತು ಬಂತು, ಹುಡುಗನ ಹಿಂದೆ ಓಡೋ ಪಗ್. ಜನ ಅದನ್ನ "ಹಚ್ ನಾಯಿ" ಅಂತಲೇ ಕೇಳಿ ತಂದರು. ಬೇಡಿಕೆ ಏರಿದಾಗ ಯಾರ ಮನೆಯ ಗಂಡಾದ್ರೂ ಸರಿ, ಮೂಗು ಎಷ್ಟು ಒಳಗಿದ್ದರೆ ಅಷ್ಟು ಮುದ್ದು, ಅಷ್ಟು ರೇಟು. ಇವತ್ತು ಏಪ್ರಿಲ್ ಬಿಸಿಲಲ್ಲಿ ನಾಲಿಗೆ ಚಾಚಿ ಗೊರಗೊರ ಅನ್ನೋ ಪಗ್ ನೋಡಿ "ಗೊರಕೆ ಎಷ್ಟು ಮುದ್ದಾಗಿ ಹೊಡೀತಾನೆ" ಅಂತೀವಿ. ಅದು ಗೊರಕೆಯಲ್ಲ, ಉಸಿರಿಗೆ ಪರದಾಟ. ಪ್ರತಿ ಚಪ್ಪಟೆ ಮೂಗಿನ ಹಿಂದೆ ಯಾರೋ ಒಬ್ಬರು ಎಣಿಸಿಕೊಂಡ ಫೀ ಇದೆ.

ಇನ್ನು ಕಾನೂನು. ಮಾತೆತ್ತಿದರೆ ಟರ್ಮ್ಸ್ ಅಂಡ್ ಕಂಡೀಷನ್ಸ್ ಓದೋ ನಮಗೆ ಇದು ಗೊತ್ತಿರಲೇಬೇಕು. ನಾಯಿ ತಳಿ ಬೆಳೆಸೋದು, ಮಾರೋದಕ್ಕೆ ಅಂತ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ. ಮರಿ ಹಾಕಿಸಿ ಮಾರೋರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, 8 ವರ್ಷ ದಾಟಿರಬಾರದು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. ಎಂಟು ವಾರ ಆಗದ ಮರಿ ಮಾರುವಂತಿಲ್ಲ. ಹನ್ನೊಂದು ತಿಂಗಳ ಲಡ್ಡೂಗೆ ಬಾಗಿಲು ತೆಗೆದ ನಾನು ಆ ನಿಯಮದ ಯಾವ ಕಡೆ ನಿಂತಿದ್ದೆ ಅಂತ ನೀವೇ ಹೇಳಿ. "ಫೀ ಬದಲು ಮರಿ" ಅನ್ನೋರಂತೂ ಇನ್ನೊಮ್ಮೆ ಯೋಚಿಸಿ. ಆ ಮರಿ ನೀವು ಸಾಕೋಕಲ್ಲ ತಗೊಳ್ಳೋದು, ಮಾರೋಕೆ. ಅಲ್ಲಿಗೆ ನೀವು ನಾಯಿ ಪ್ರೇಮಿ ಅಲ್ಲ, ಲೈಸೆನ್ಸ್ ಇಲ್ಲದ ವ್ಯಾಪಾರಿ. ಜೊತೆಗೆ, ಹುಟ್ಟಿದ್ದು ಒಂದೇ ಮರಿಯಾದರೆ? ತಾಯಿಯ ಮನೆಯವರಿಗೆ ಉಳಿಯೋದು ಹೊಲಿಗೆ ಮಾತ್ರ.

ಇಷ್ಟು ಹೇಳಿದ ಮೇಲೆ ಬರೋ ಮಾತುಗಳು ನನಗೆ ಗೊತ್ತು. "ಪಾಪ, ಅವನಿಗೂ ಆಸೆ ಇರಲ್ವಾ? ಒಂದು ಸಲನಾದ್ರೂ ಬೇಡ್ವಾ?" ಅಂತಾರೆ. ಸ್ವಾಮಿ, ಅವನು ಬ್ರಹ್ಮಚರ್ಯದ ಬಗ್ಗೆ ಚಿಂತೆ ಮಾಡ್ತಾ ಕೂತಿಲ್ಲ. ಒಂದು ಸಲ ಕೂಡಿಸಿದ್ರೆ ಶಾಂತ ಆಗ್ತಾನೆ ಅನ್ನೋದು ಶುದ್ಧ ಸುಳ್ಳು. ಸೋಫಾ ಕಾಲಿಗೆ ಉಚ್ಚೆ ಹೊಯ್ಯೋದು ನಿಲ್ಲಲ್ಲ, ಜಾಸ್ತಿಯಾದರೂ ಆಗಬಹುದು. ಆ ಕನಿಕರ ವರ್ಷಪೂರ್ತಿ ಅವನನ್ನ ದಿನಕ್ಕೆ ಎರಡು ಸಲ ನೆಟ್ಟಗೆ ವಾಕಿಂಗ್ ಕರ್ಕೊಂಡು ಹೋಗೋದರಲ್ಲಿ ತೋರಿಸಿ.

"ಅವನ ಥರದ್ದೇ ಇನ್ನೊಂದು ಬೇಕು" ಅಂತಾರೆ ಇನ್ನು ಕೆಲವರು. ಈ ಮಾತು ಕೇಳಿದಾಗ ಮಾತ್ರ ನನಗೆ ಸಿಟ್ಟು ಬರಲ್ಲ, ಹೊಟ್ಟೆ ಚುರ್ ಅನ್ನುತ್ತೆ. ಬೋಂಡನಿಗೆ ಈಗ ಎಂಟು. ಮೂತಿ ಬೆಳ್ಳಗಾಗ್ತಿದೆ. ಆದರೆ ಹುಟ್ಟೋ ಮರಿ ಬೋಂಡ ಆಗಲ್ಲ. ನಿಮ್ಮ ಮಗ ನಿಮ್ಮಪ್ಪ ಆಗಿದ್ದಾನಾ?

"ಹಾಗಾದ್ರೆ ದೊಡ್ಡ ಬ್ರೀಡರುಗಳು ಮಾತ್ರ ಮಾಡ್ಲಾ? ಅವರೇನ್ ಸಾಚಾಗಳಾ?" ಇದು ನ್ಯಾಯವಾದ ಪ್ರಶ್ನೆ. ಅಲ್ಲ, ಪಂಜರದಲ್ಲಿ ಸೂಲಿನ ಮೇಲೆ ಸೂಲು ಹಾಕಿಸೋರು ನಮಗಿಂತ ಕೆಟ್ಟವರು. ಆದರೆ ಅವರು ಕೆಟ್ಟವರು ಅನ್ನೋದು ನಾವು ಒಳ್ಳೆಯವರು ಅನ್ನೋದಕ್ಕೆ ಸಾಕ್ಷಿ ಅಲ್ಲ. ಮನೇಲಿ ಸಾಕಿದ, ಪರೀಕ್ಷೆ ಆದ, ಒಳ್ಳೆ ಸ್ವಭಾವದ ನಾಯಿಯ ಮರಿ ಬೇಕು ಅನ್ನೋರು ಇದಾರೆ, ಇರಲಿ. ಮಾಡೋದಾದ್ರೆ ಸರಿಯಾಗಿ ಮಾಡಿ. ಸರಿಯಾಗಿ ಅಂದ್ರೆ ಹೀಗೆ.

ಮೇಲೆ ಹೇಳಿದ ಪರೀಕ್ಷೆಗಳ ಕಾಗದ ಕೈಗೆ ಬರೋವರೆಗೂ ಬಾಯಲ್ಲಿ ನಂಬರ್ ಬರಬಾರದು. ಹೆಣ್ಣಿನ ಕಾಗದವನ್ನೂ ಕೇಳಿ. ವಯಸ್ಸು ಕಮ್ಮಿ, ತೂಕ ಕಮ್ಮಿ ಅಂದ್ರೆ ಕಾಫಿ ಕೊಟ್ಟು ವಾಪಸ್ ಕಳಿಸಿ. ಫೀ ದುಡ್ಡಲ್ಲೇ ಇರಲಿ, ಮರಿಯಲ್ಲಿ ಬೇಡ. ನಿಮ್ಮ ಪರೀಕ್ಷೆಗಳಿಗೆ ಖರ್ಚಾಗಿದ್ದು ಎಷ್ಟೋ ಅಷ್ಟನ್ನ ಮಾತ್ರ ಮೊದಲೇ ತಗೊಳ್ಳಿ. ಉಳಿದದ್ದು ಮರಿಗಳಿಗೆ ಎಂಟು ವಾರ ತುಂಬಿ, ತಾಯಿ ಚೆನ್ನಾಗಿದ್ದಾಳೆ ಅಂತ ಆದ ಮೇಲೆ. ಗರ್ಭ ನಿಲ್ಲದಿದ್ದರೆ ಇನ್ನೊಂದು ಸಲ ಪುಕ್ಕಟೆ ಅನ್ನೋದು ಹಳೇ ಪದ್ಧತಿ, ಅದನ್ನ ಇಟ್ಟುಕೊಳ್ಳಿ. ಅದಕ್ಕೆ ಇನ್ನೊಂದು ಸಾಲು ಸೇರಿಸಿ: ಸಿಸೇರಿಯನ್ ಆದರೆ ಬಿಲ್ಲಿನಲ್ಲಿ ಅರ್ಧ ನಂದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸೈನ್ ಮಾಡಿ. ಬಾಡಿಗೆ ಮನೆಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸ್ತೀವಲ್ಲ, ಜೀವಕ್ಕೆ ಒಂದು ಹಾಳೆ ಖರ್ಚು ಮಾಡೋಕೆ ಏನ್ ಕಷ್ಟ?

ಈ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ಮನೆಗೆ ಲಾಭ ಉಳಿಯಲ್ಲ ಅಂತೀರಾ? ನನಗೂ ಹಾಗೇ ಅನ್ಸುತ್ತೆ. ಲಾಭ ಉಳಿಯಲ್ಲ ಅಂತ ಬಿಟ್ಟುಬಿಡೋರು ಬಿಟ್ಟೇಬಿಡಲಿ. ಆ ದುಡ್ಡಲ್ಲಿ ಸಂತಾನಹರಣ ಮಾಡಿಸಿ. ನಾವು ಬೋಂಡನಿಗೆ ಮಾಡಿಸಿದ್ದು ಲಡ್ಡೂ ವಿಷಯ ಆದ ಮುಂದಿನ ತಿಂಗಳು. ಎರಡೇ ದಿನಕ್ಕೆ ಎದ್ದು ಬಂದು ತಟ್ಟೆ ನೆಕ್ಕಿದ. ತಡವಾಯ್ತು, ಗೊತ್ತು.

ಇದನ್ನ ಬರೆದು ಮುಗಿಸೋ ಮುಂಚೆ ಒಂಬತ್ತನೇ ಮಹಡಿಯ ಹುಡುಗನಿಗೆ ಅರ್ಧ ಓದಿಸಿದೆ. ಕೇಳ್ತಾ ಕೇಳ್ತಾ ಸಿಂಬಾನ ಹಿಂಗಾಲು ನೀವುತ್ತಾ ಕೂತಿದ್ದ. ಕೊನೆಗೆ, "ಎಲ್ಲಾ ಸರಿ ಅಕ್ಕ, ಆದ್ರೂ ಒಂದು ನಂಬರ್ ಹೇಳಿ" ಅಂದ.

ಹೇಳ್ತೀನಿ. ನಿನ್ನ ಮನೆಗೆ ಹತ್ತಿರ ಇರೋ, ರಾತ್ರಿ ತೆರೆದಿರೋ ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡು. ಪುಟ್ಟ ಶಿಟ್ಜುಗೆ ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಮಾಡೋಕೆ ಎಷ್ಟಾಗುತ್ತೆ ಅಂತ ಕೇಳು. ಅವರು ಹೇಳೋ ನಂಬರಿನಲ್ಲಿ ಅರ್ಧ ತೆಗೆದು ಪಕ್ಕಕ್ಕಿಡು, ಇಡೋಕಾದ್ರೆ. ಆಮೇಲೆ ಹಿಂದಿನ ಲೇಔಟಿನವರಿಗೆ ನಿನ್ನ ರೇಟು ಹೇಳು. ನನ್ನ ಕಡೆಯಿಂದ ಆರು ಸಾವಿರ ಇವತ್ತು ಬೆಳಿಗ್ಗೆ ಲಡ್ಡೂ ಮನೆಯವರಿಗೆ ಕಳಿಸಿದ್ದೀನಿ. ಅವರು ಇನ್ನೂ ಏನೂ ಉತ್ತರ ಹಾಕಿಲ್ಲ.